ಹಸಿ ಬಿದಿರು ಮನೆಗೆ ಬಂದ ಮಳೆಗಾಲ

ಹಸಿ ಬಿದಿರು ಸೀಳುವಾಗ ಒಂದು ವಾಸನೆ ಬರುತ್ತದೆ. ಎಳೆ ಸೌತೆಕಾಯಿ ಹೆಚ್ಚಿದಾಗ ಬರುವುದಕ್ಕೆ ಹತ್ತಿರದ ವಾಸನೆ, ಆದರೆ ಅದರೊಳಗೆ ಒಂದಿಷ್ಟು ಒದ್ದೆ ಮಣ್ಣೂ ಇರುತ್ತದೆ. ಮೊನ್ನೆ ಕೆಲಸ ಮುಗಿಸಿ ರಾಜಾಜಿನಗರದಿಂದ ಬರುವಾಗ ಮಾಗಡಿ ರಸ್ತೆಯಲ್ಲಿ ಬಸ್ಸು ಎಂದಿನಂತೆ ನಿಂತುಬಿಟ್ಟಿತು. ಫುಟ್‌ಪಾತಿನಲ್ಲಿ ಯಾರೋ ತಡಿಕೆ ಹೆಣೆಯಲು ಬಿದಿರು ಸೀಳುತ್ತಿದ್ದರು. ಕಿಟಕಿಯಿಂದ ಆ ವಾಸನೆ ಒಳಗೆ ಬಂದದ್ದೇ ತಡ, ನನ್ನ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು. ಪಕ್ಕದಲ್ಲಿದ್ದ ಹುಡುಗಿ "ಆಂಟಿ, ಹುಷಾರಿಲ್ವಾ? ನೀರು ಕೊಡ್ಲಾ?" ಎಂದು ಕೇಳಿದಳು. ಏನೂ ಇಲ್ಲಮ್ಮ ಎಂದೆ. ಕೆಲವು ವರ್ಷಗಳ ಹಿಂದಿನ ಮಳೆಗಾಲವೊಂದು ಬಂದು ಮೈಮೇಲೆ ಕೂತಿದೆ ಎಂದು ಬಸ್ಸಿನಲ್ಲಿ ಹೇಗೆ ಹೇಳುವುದು.

ಆ ವರ್ಷ ಆಷಾಢದಲ್ಲಿ ನನಗೆ ಐದು ತಿಂಗಳು. ಅದಕ್ಕೂ ಎರಡು ವರ್ಷ ಮೊದಲು ಆರನೇ ತಿಂಗಳಲ್ಲಿ ಒಂದು ಮಗು ಉಳಿಯದೆ ಹೋಗಿತ್ತು. ಹಾಗಾಗಿ ಈ ಸಲ ಮನೆಯಲ್ಲಿ ಯಾರೂ ಜೋರಾಗಿ ಖುಷಿಪಡಲಿಲ್ಲ. ಬಸ್ಸು ಹತ್ತಬೇಡಿ, ಭಾರ ಎತ್ತಬೇಡಿ, ಮನೆ ಹತ್ತಿರ ನಿಧಾನವಾಗಿ ನಡೆದಾಡಿ, ಮಿಕ್ಕಂತೆ ಕೂತಿರಿ ಎಂದರು ಡಾಕ್ಟರಮ್ಮ. ನಾನು ರಾಜಾಜಿನಗರದ ಒಂದು ಲ್ಯಾಬಿನಲ್ಲಿ, ರಕ್ತಪರೀಕ್ಷೆಗೆ ಬಂದವರ ಹೆಸರು ಬರೆದುಕೊಂಡು ಒಬ್ಬೊಬ್ಬರನ್ನೇ ಕೂಗಿ ಒಳಗೆ ಕಳಿಸುವವಳು. ದಿನವಿಡೀ ಕೂಗಿ ಅಭ್ಯಾಸವಾದವಳಿಗೆ ರಜೆ ಹಾಕಿ ಸುಂಕದಕಟ್ಟೆಯ ಮನೆಯಲ್ಲಿ ಕೂತರೆ ಕೂಗಲು ಯಾರೂ ಇಲ್ಲ. ಗಂಡ ಮಂಜುನಾಥ ಬೆಳಿಗ್ಗೆಯೇ ತಾನು ಕೆಲಸ ಮಾಡುವ ಫ್ಯಾನು-ಲೈಟಿನ ಅಂಗಡಿಗೆ ಹೋಗಿಬಿಡುತ್ತಿದ್ದರು. ಉಳಿಯುತ್ತಿದ್ದದ್ದು ನಾನು ಮತ್ತು ನನ್ನ ಅತ್ತೆ ಕೆಂಪಮ್ಮ.

ಅತ್ತೆ ಸುಂಕದಕಟ್ಟೆ ಇನ್ನೂ ಹಳ್ಳಿಯಾಗಿದ್ದಾಗ ಸೊಸೆಯಾಗಿ ಬಂದವರು. ರಾಗಿ ಹೊಲಗಳು ಸೈಟುಗಳಾದದ್ದನ್ನು ಕಣ್ಣಾರೆ ನೋಡಿದವರು. ಈಗಲೂ ಹಿಂದಿನ ಕ್ರಾಸಿಗೆ "ಬಾವಿ ಹೊಲದ ತಾವು" ಎನ್ನುತ್ತಾರೆ, ಅಲ್ಲಿಗೆ ಹೋಗಿ ಎಂದರೆ ಆಟೋದವರು ಕಣ್ಣು ಕಣ್ಣು ಬಿಡುತ್ತಾರೆ. ಮಾತು ಕಡಿಮೆ. ನಾನೋ, ಆ ದಿನಗಳಲ್ಲಿ ಅಳುವ ಯಂತ್ರವೇ ಆಗಿದ್ದೆ. ಹೊಟ್ಟೆಯಲ್ಲಿ ಮಗು ಅಲುಗಾಡಿದರೆ ಅಳು, ಅಲುಗಾಡದಿದ್ದರೆ ಅಳು. ಸಾರಿಗೆ ಒಗ್ಗರಣೆ ಹಾಕುವಾಗ ಅತ್ತರೆ ಹೊಗೆ ಎನ್ನಬಹುದಿತ್ತು, ಟಿವಿಯಲ್ಲಿ ಅಡುಗೆ ಕಾರ್ಯಕ್ರಮ ನೋಡುತ್ತಾ ಅತ್ತರೆ ಏನೆನ್ನುವುದು. ಅತ್ತೆ ನೋಡಿಯೂ ನೋಡದಂತೆ ಎದ್ದು ಹೋಗಿ ಒಂದು ಲೋಟ ಮಜ್ಜಿಗೆ ತಂದಿಡುತ್ತಿದ್ದರು.

ನಮ್ಮ ಗಲ್ಲಿ ಮಾಗಡಿ ರಸ್ತೆಗೆ ಸೇರುವಲ್ಲಿ ಒಂದು ಹೊಂಗೆ ಮರ. ಅದರ ಕೆಳಗೆ ನೀಲಿ ಟಾರ್ಪಾಲು ಕಟ್ಟಿಕೊಂಡು ರತ್ನಮ್ಮ ಕೂರುತ್ತಿದ್ದರು. ಬುಟ್ಟಿ, ಮೊರ, ಏಣಿ, ಕೋಳಿ ಮುಚ್ಚುವ ಪಂಜರ, ಎಲ್ಲ ಅಲ್ಲೇ ತಯಾರಾಗುತ್ತಿತ್ತು. ಸಂಜೆ ನಡೆದಾಡಲು ಹೋದವಳು ಅವರ ಎದುರು ನಿಲ್ಲುವುದು ಅಭ್ಯಾಸವಾಯಿತು. ಅವರ ಕೈ ನೋಡುತ್ತಾ ನಿಂತಷ್ಟು ಹೊತ್ತು ನನ್ನ ತಲೆಯೊಳಗಿನ ದಿನ-ವಾರಗಳ ಲೆಕ್ಕಾಚಾರ ನಿಲ್ಲುತ್ತಿತ್ತು. ಒಂದು ದಿನ ನನಗೂ ಕಲಿಸಿಕೊಡಿ ಎಂದೆ.

"ಬಸ್ರಿ ಹೆಂಗ್ಸು ರೋಡಲ್ ಕೂತ್ಕೊಂಡು ಬಿದ್ರು ಮುಟ್ತೀನಿ ಅಂತೀರಲ್ಲಕ್ಕ, ನಿಮ್ಮತ್ತೆ ನನ್ನ ಸುಮ್ನೆ ಬಿಡ್ತಾರಾ?" ಎಂದರು ರತ್ನಮ್ಮ.

"ಅವರನ್ನ ನಾನು ನೋಡ್ಕೋತೀನಿ. ನೀವು ಹೇಳ್ಕೊಡಿ."

"ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗುತ್ತಾ? ನಾವೆಲ್ಲ ಲಂಗ ಹಾಕೋ ವಯಸ್ಸಲ್ಲೇ ಕಲ್ತಿದ್ದು."

"ಬಗ್ಗೋಕೆ ಡಾಕ್ಟ್ರೇ ಬೇಡ ಅಂದಿದಾರೆ ರತ್ನಮ್ಮ. ಕೂತ್ಕೊಂಡೇ ಕಲೀತೀನಿ."

ಅವರು ನಕ್ಕು ಹಣ್ಣಿನ ಕ್ರೇಟೊಂದನ್ನು ಬೋರಲು ಹಾಕಿ ಅದರ ಮೇಲೆ ಗೋಣಿಚೀಲ ಮಡಚಿ ಹಾಸಿದರು. ಅದೇ ನನ್ನ ಪಾಠಶಾಲೆ.

ಮನೆಗೆ ಬಂದು ಅತ್ತೆಗೆ ಹೇಳಿದೆ. "ಯಾವ ಬುಟ್ಟಿ?" ಎಂದರು. ತೂತು ತೂತು ಇರುತ್ತಲ್ಲ ಅದು ಎಂದೆ. "ಮಂಕರಿನಾ?" ಎಂದರು. ಬೇಡ ಎನ್ನಲಿಲ್ಲ, ಸರಿ ಎನ್ನಲೂ ಇಲ್ಲ. ಆಷಾಢದಲ್ಲಿ ಹೊಸದೇನನ್ನೂ ಶುರು ಮಾಡಬಾರದು ಎನ್ನುವವರು, ಅದಕ್ಕೇ ಮುಖ ಸಣ್ಣದಾಗಿದೆ ಎಂದುಕೊಂಡೆ.

ರತ್ನಮ್ಮ ಅದನ್ನು ಕಣ್ಣಿನ ಬುಟ್ಟಿ ಎನ್ನುತ್ತಿದ್ದರು. ತರಕಾರಿಯವರು, ಕೋಳಿಯವರು, ಗೊಬ್ಬರ ಹೊರುವವರು ಒಯ್ಯುವ ಬುಟ್ಟಿ. ಗಾಳಿ ಆಡಬೇಕು, ನೀರು ಸೋರಬೇಕು, ಒಳಗಿನದು ಮಾತ್ರ ಬೀಳಬಾರದು. ಬಿದಿರಿನ ಎಳೆಗಳು ಮೂರು ಕಡೆಯಿಂದ ಬರುತ್ತವೆ. ಒಂದರ ಮೇಲೆ, ಇನ್ನೊಂದರ ಕೆಳಗೆ ಹಾದು ಪರಸ್ಪರ ಹಿಡಿದುಕೊಂಡಾಗ ನಡುವೆ ಆರು ಮೂಲೆಯ ತೂತು ಉಳಿಯುತ್ತದೆ. ಆ ತೂತೇ ಕಣ್ಣು. ಇದು ನನಗೆ ಆಮೇಲೆ ಗೊತ್ತಾದದ್ದು. ಮೊದಲ ದಿನ ನಾನು ಜಡೆ ಹೆಣೆದು ರೂಢಿಯಾದ ಕೈಯಿಂದ ಎಳೆಗಳನ್ನು ಬಿಗಿಯಾಗಿ ಎಳೆದೆಳೆದು ಕೂಡಿಸುತ್ತಿದ್ದೆ. ಬಿಗಿಯಾಗಿದ್ದರೆ ಗಟ್ಟಿ ಎಂಬುದು ನನ್ನ ತಿಳಿವಳಿಕೆ.

"ಕಣ್ಬಿಡಿ ಅಕ್ಕ," ಎಂದರು ರತ್ನಮ್ಮ.

ನಾನು ಕಣ್ಣರಳಿಸಿ ನೋಡಿದೆ.

"ಅಯ್ಯೋ, ಕಣ್ಬಿಡಿ ಅಂದೆ."

ಇನ್ನೂ ಅಗಲವಾಗಿ ಬಿಟ್ಟೆ. ಇದಕ್ಕಿಂತ ದೊಡ್ಡದಾಗಿ ಬಿಡಲು ದೇವರು ಕೊಟ್ಟಿಲ್ಲ ಎಂದು ಸಿಟ್ಟೂ ಬಂತು. ರತ್ನಮ್ಮ ಬಾಯಲ್ಲಿದ್ದ ಎಲೆಅಡಿಕೆ ಆಚೆ ಬರುವಷ್ಟು ನಕ್ಕರು. ಕಣ್ಣು ಬಿಡಬೇಕಾದದ್ದು ಬುಟ್ಟಿಯಲ್ಲಿ, ನಾನು ಮುಖದಲ್ಲಿ ಬಿಡುತ್ತಿದ್ದೆ. ಆ ದಿನ ನಾನೂ ನಕ್ಕೆ. ನನ್ನ ನಗುವನ್ನು ನಾನೇ ಕೇಳಿಸಿಕೊಂಡು ಎಷ್ಟೋ ಕಾಲವಾಗಿತ್ತು.

ಆಷಾಢದ ಗಾಳಿ ಟಾರ್ಪಾಲನ್ನು ಪಟಪಟ ಹೊಡೆಯುತ್ತಿತ್ತು. ಬೆಳಿಗ್ಗೆ ತಿಂಡಿ ಮುಗಿಸಿ ಹೋಗಿ ಕೂತರೆ ಬಿಸಿಲೇರುವವರೆಗೆ ಅಲ್ಲೇ. ಕಲಿತದ್ದಕ್ಕಿಂತ ಬಿಚ್ಚಿದ್ದೇ ಹೆಚ್ಚು. ಬೆರಳಿಗೆ ಸಿಬಿರು ಚುಚ್ಚಿಕೊಂಡರೆ ರತ್ನಮ್ಮ ತಾಳಿಸರದಲ್ಲಿದ್ದ ಪಿನ್ನು ತೆಗೆದು ಮಾತಾಡುತ್ತಲೇ ಕಿತ್ತು ಹಾಕುತ್ತಿದ್ದರು. ತಳ ಹೆಣೆಯುವುದು ಹೇಗೋ ಬಂತು, ಆದರೆ ಅದು ಚಾಪೆಯಂತೆ ಚಪ್ಪಟೆಯಾಗಿ ಬಿದ್ದುಕೊಂಡಿತ್ತು, ಮೇಲೇಳಲು ಒಲ್ಲೆ ಎನ್ನುತ್ತಿತ್ತು. ಒಂದು ದಿನ ಎಳೆ ತಪ್ಪಿ ಒಂದು ಕಣ್ಣಿಗೆ ಐದೇ ಮೂಲೆ ಬಂದವು. ನಾಲಿಗೆ ಕಚ್ಚಿಕೊಂಡು ಬಿಚ್ಚಲು ಹೊರಟರೆ ರತ್ನಮ್ಮ ನನ್ನ ಕೈ ಹಿಡಿದರು. "ಅದನ್ನ ಬಿಡಿ. ಅಲ್ಲಿಂದ್ಲೇ ಅದು ಏಳೋದು." ನಿಜವಾಗಿಯೂ ಆ ಐದು ಮೂಲೆಯ ಕಣ್ಣಿನ ಬಳಿ ತಳ ಮೆಲ್ಲಗೆ ಬಾಗಿ ಗೋಡೆಯಾಗತೊಡಗಿತ್ತು. ಹಾಗೆ ಸುತ್ತಲೂ ಬೇಕೆಂದೇ ಐದು ಮೂಲೆಯ ಕಣ್ಣು ಹಾಕುತ್ತಾ ಹೋಗಬೇಕಂತೆ. ಸಂಜೆ ಮಂಜುನಾಥರಿಗೆ ಇದನ್ನು ಹೇಳಿದಾಗ "ನೀನು ತಪ್ಪು ಮಾಡೋದ್ರಲ್ಲಿ ಮುಂದಿದೀಯ, ಬೇಗ ಕಲೀತೀಯ ಬಿಡು," ಎಂದರು. ತಲೆದಿಂಬು ಎಸೆದೆ.

ಶ್ರಾವಣ ಬಂತು, ಆರನೇ ತಿಂಗಳೂ ಬಂತು. ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಆದರೆ ಮನೆಯಲ್ಲಿ ಎಲ್ಲರೂ ಮೆಲ್ಲಗೆ ನಡೆಯತೊಡಗಿದರು. ಜಿಟಿಜಿಟಿ ಮಳೆ ಹಿಡಿದಿದ್ದರಿಂದ ಬುಟ್ಟಿಯನ್ನು ಮನೆಗೇ ತಂದು ಹೆಣೆಯುತ್ತಿದ್ದೆ. ಅಷ್ಟರಲ್ಲಿ ರತ್ನಮ್ಮ ತಂಗಿಯ ಮನೆಗೆ ಮಾಗಡಿ ಕಡೆ ಹೋಗಬೇಕಾಯಿತು. "ಸೀಳಿಟ್ರೆ ಒಣಗೋಗ್ತವೆ ಅಕ್ಕ. ಗಳಾನೇ ಕಳಿಸ್ತೀನಿ, ಭಾನುವಾರ ಬಂದು ನಿಮ್ಮನೆ ಹತ್ರನೇ ಸೀಳ್ಕೊಡ್ತೀನಿ," ಎಂದು ಹೇಳಿ ಹೋದರು. ಸರಿ ಎಂದೆ. ನಾವಿಬ್ಬರೂ ಅದರಾಚೆಗೆ ಯೋಚಿಸಲಿಲ್ಲ.

ಮಾರನೇ ದಿನ ಲಗೇಜು ಆಟೋದವನೊಬ್ಬ ಬಂದು, ಉದ್ದನೆಯ ಎರಡು ಹಸಿ ಬಿದಿರಿನ ಗಳವನ್ನು ನಮ್ಮ ಗೇಟಿಗೆ ಒರಗಿಸಿ, ಕಟ್ಟಿದ್ದ ತೆಂಗಿನ ನಾರಿನ ಹಗ್ಗವನ್ನು ಬಿಚ್ಚಿ ಅದರ ಬುಡದಲ್ಲೇ ಹಾಕಿ ಹೋದ. ನಾನು ಒಳಗೆ ಮಲಗಿದ್ದೆ. ಎರಡು ಹಸಿ ಗಳ, ಒಂದು ಹಗ್ಗ. ನಮ್ಮ ಕಡೆ ಇವು ಒಂದು ಮನೆಯ ಮುಂದೆ ಬಂದು ಬಿದ್ದವೆಂದರೆ ಅರ್ಥ ಒಂದೇ. ಚಟ್ಟ ಕಟ್ಟುತ್ತಾರೆ.

ಎಚ್ಚರವಾದಾಗ ಹೊರಗೆ ಗುಸುಗುಸು. ಬಾಗಿಲು ತೆಗೆದರೆ ಗಲ್ಲಿಯ ಅರ್ಧ ಜನ ನಿಂತಿದ್ದಾರೆ. ಎದುರು ಮನೆಯ ಸರೋಜಾ ಆಂಟಿ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಾರೆ. ಇಸ್ತ್ರಿ ಅಂಗಡಿಯವನು ಪ್ಲಾಸ್ಟಿಕ್ ಕುರ್ಚಿಗಳನ್ನು ತಂದು ಸಾಲಾಗಿ ಹಾಕುತ್ತಿದ್ದಾನೆ. ಸರೋಜಾ ಆಂಟಿ ನನ್ನನ್ನು ತಬ್ಬಿಕೊಂಡು "ಬೆಳಿಗ್ಗೆ ಸೊಪ್ಪು ತಗೋಳೋವಾಗ ಚೆನ್ನಾಗೇ ಮಾತಾಡಿದ್ರಲ್ಲೇ ನಿಮ್ಮತ್ತೆ, ಹೇಗಾಯ್ತೇ?" ಎಂದು ಗೋಳಾಡಿದರು. ನನಗೆ ಅರ್ಥವಾಗುವುದರೊಳಗೆ, ಮಳೆ ಬಂತೆಂದು ಮಹಡಿಯ ಮೇಲಿನ ಬಟ್ಟೆ ತೆಗೆಯಲು ಹೋಗಿದ್ದ ಅತ್ತೆ, ತೋಳತುಂಬ ಬಟ್ಟೆ ಹೊತ್ತುಕೊಂಡು ಮೆಟ್ಟಿಲಿಳಿದು ಬಂದರು. ಜನವನ್ನು ನೋಡಿದರು, ಗಳ ನೋಡಿದರು, ಕುರ್ಚಿ ನೋಡಿದರು.

"ಯಾರು ಹೋದ್ರು?" ಎಂದು ಕೇಳಿದರು.

ಇಸ್ತ್ರಿಯವನು ಕೈಯಲ್ಲಿದ್ದ ಕುರ್ಚಿಯ ಮೇಲೆ ತಾನೇ ಕೂತುಬಿಟ್ಟ. ವಿಷಯ ತಿಳಿದ ಮೇಲೆ ನಗು ಗಲ್ಲಿಯ ಕೊನೆಯವರೆಗೂ ಹೋಯಿತು. ಅತ್ತೆ ಅಷ್ಟೂ ಜನಕ್ಕೆ ಕಾಫಿ ಮಾಡಿಸಿದರು, ತಮ್ಮ ಸಾವಿನ ಕಾಫಿ ತಾವೇ ಕುಡಿದರು. ಆದರೆ ಹೊರಡುವಾಗ ಸರೋಜಾ ಆಂಟಿ ದನಿ ತಗ್ಗಿಸಿ, "ನಗೋದು ಬೇರೆ ವಿಷ್ಯ ಕೆಂಪಮ್ಮ. ಬಸ್ರಿ ಇರೋ ಮನೆ ಬಾಗ್ಲಿಗೆ ಹಸಿ ಬಿದ್ರು ತರಿಸ್ತಾರಾ? ಮೊದ್ಲೇ ಒಂದ್ಸಲ ಹಾಗಾಗಿದೆ," ಎಂದರು. ನನಗೆ ಕೇಳಿಸಿತು. ಕೇಳಿಸಲೆಂದೇ ಹೇಳಿದ್ದರೇನೋ, ಕೆಟ್ಟ ಮನಸ್ಸಿನಿಂದಂತೂ ಅಲ್ಲ.

ಮಾರನೇ ಮಧ್ಯಾಹ್ನ ಊಟ ಮಾಡಿ ಎದ್ದೆ, ಹೊಟ್ಟೆ ಕಲ್ಲಿನಂತೆ ಗಟ್ಟಿಯಾಯಿತು. ಸೊಂಟದಿಂದ ನೋವು ಸುತ್ತಿಕೊಂಡು ಬಂತು. ಹೋದ ಸಲವೂ ಹೀಗೇ ಶುರುವಾಗಿತ್ತು. ಅತ್ತೆ ಚಪ್ಪಲಿ ಕೂಡ ಮೆಟ್ಟದೆ ಓಡಿ ಆಟೋ ತಂದರು. ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಟ್ಟರು, ಸ್ಕ್ಯಾನ್ ಮಾಡಿದರು, ಇಟ್ಟುಕೊಂಡರು. ಮಗುವಿನ ಎದೆಬಡಿತ ಕೇಳಿಸುವ ಯಂತ್ರದ ಕಡೆಗೇ ಕಿವಿ ಕೊಟ್ಟು ಮಲಗಿದ್ದೆ. ನೋವು ನಿಂತಿತು. ಮಗು ಚೆನ್ನಾಗಿದೆ, ಹೀಗಾಗುವುದುಂಟು, ಜೋಪಾನ ಎಂದು ಹೇಳಿ ಮನೆಗೆ ಕಳಿಸಿದರು.

ಮನೆಗೆ ಬಂದವಳು ಮೊದಲು ಆಡಿದ ಮಾತು, ಆ ಬಿದಿರು ಆಚೆ ಹಾಕಿ ಎಂದು. ಲ್ಯಾಬಿನಲ್ಲಿ ಕೆಲಸ ಮಾಡುವವಳು ನಾನು, ದಿನಕ್ಕೆ ನೂರು ರಿಪೋರ್ಟು ಕೊಡುವವಳು. ಭಯದ ಮುಂದೆ ಅದ್ಯಾವುದೂ ನೆನಪಿಗೆ ಬರಲಿಲ್ಲ. ಮಂಜುನಾಥ "ಕಾಗೆ ಕೂರೋದಕ್ಕೂ ಕೊಂಬೆ ಮುರಿಯೋದಕ್ಕೂ ಸರಿಹೋಯ್ತು ಶೈಲು, ಅಷ್ಟೇ," ಎಂದರು. ಕಾಗೆ ನಮ್ಮ ಮನೆಗೇ ಯಾಕೆ ಬಂದು ಕೂರಬೇಕು ಎಂದು ರೇಗಿದೆ. ಅತ್ತೆ ಗಳಗಳನ್ನು ಮಹಡಿಯ ಮೇಲೆ ನೀರಿನ ಟ್ಯಾಂಕಿನ ಹಿಂದೆ ಹಾಕಿಸಿದರು. ಅರ್ಧ ಹೆಣೆದ ಬುಟ್ಟಿ ಎಲ್ಲಿಟ್ಟರೋ ನಾನು ಕೇಳಲಿಲ್ಲ. ಮತ್ತೆ ಟಿವಿಯ ಮುಂದೆ ಕೂತೆ, ಮತ್ತೆ ಅಳು ಶುರುವಾಯಿತು.

ಭಾನುವಾರ ರತ್ನಮ್ಮ ಮಾತು ಕೊಟ್ಟಂತೆ ಕತ್ತಿ ಹಿಡಿದುಕೊಂಡು ಬಂದರು. ಗೇಟಿನ ಹತ್ತಿರವೇ ನಿಲ್ಲಿಸಿ, ಬೇಡ ರತ್ನಮ್ಮ, ಗಳ ವಾಪಸ್ ತಗೊಂಡು ಹೋಗಿ ಎಂದು ನಡೆದದ್ದನ್ನೆಲ್ಲ ಹೇಳಿದೆ. ಅವರು ಮೆಟ್ಟಿಲ ಮೇಲೆ ಕೂತು ಎಲ್ಲ ಕೇಳಿಸಿಕೊಂಡರು.

"ನಂಗೆ ನಾಲ್ಕು ಮಕ್ಕಳು ಕಣವ್ವ," ಎಂದರು. ಅಕ್ಕ ಎನ್ನುತ್ತಿದ್ದವರು ಅವತ್ತು ಅವ್ವ ಎಂದರು. "ನಾಲ್ಕೂ ಹಸಿ ಬಿದ್ರು ಒಟ್ಟಿರೋ ಮನೇಲೇ ಹುಟ್ಟಿದ್ವು. ನೋವು ಬರೋಗಂಟ ಸೀಳ್ತಾ ಇದ್ದೆ. ಬಿದ್ರು ಬಂದ ಮನೇಲಿ ಸಾವಾಗುತ್ತೆ ಅನ್ನೋದಾದ್ರೆ ನಮ್ ಕೇರೀಲಿ ದೀಪ ಹಚ್ಚೋಕೂ ಒಬ್ರು ಉಳೀತಿರ್ಲಿಲ್ಲ. ನಿಮಗೆ ಬೇಡ ಅಂದ್ರೆ ಬೇಡ. ತಪ್ಪನ್ನ ಬಿದ್ರಿನ ಮೇಲೆ ಹಾಕ್ಬೇಡಿ, ಅಷ್ಟೇ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ನೋವಿತ್ತು. ನನಗೆ ನಾಚಿಕೆಯಾಯಿತು, ಭಯವೂ ಹೋಗಲಿಲ್ಲ. ಎರಡನ್ನೂ ಇಟ್ಟುಕೊಂಡು ನಿಂತಿದ್ದೆ. ರತ್ನಮ್ಮ ಎದ್ದು ಕತ್ತಿಯನ್ನು ಚೀಲಕ್ಕೆ ಹಾಕಿಕೊಂಡರು.

"ಎಲ್ಲಿಗ್ ಹೊಂಟೆ ರತ್ನಮ್ಮ?" ಹಿಂದಿನಿಂದ ಅತ್ತೆಯ ದನಿ. "ಗಳ ಮೇಲೈತೆ. ಇಳಿಸ್ಕೊಂಡು ಇಲ್ಲೇ ಸೀಳು."

ನಾನು ತಿರುಗಿ ನೋಡಿದೆ. ಅತ್ತೆಯ ಕೈಯಲ್ಲಿ ನನ್ನ ಅರ್ಧ ಬುಟ್ಟಿ. ಅದನ್ನು ನನ್ನ ಕೈಗಿಟ್ಟರು. ಎದುರು ಮನೆಯ ಬಾಲ್ಕನಿಯಲ್ಲಿ ಸರೋಜಾ ಆಂಟಿ ನಿಂತಿರುವುದನ್ನು ಕಂಡು, "ಕುರ್ಚಿ ಹಾಕ್ಕೊಂಡು ಕೂತ್ಕೊಳೇ ಸರೋಜ, ನಿಂತು ಕಾಲು ನೋಯಿಸ್ಕೋಬೇಡ," ಎಂದರು. ಆ ಮಧ್ಯಾಹ್ನವೆಲ್ಲ ನಮ್ಮ ಮನೆಯ ಮುಂದೆ ಗಳ ಸೀಳುವ ಸದ್ದು. ಸರೋಜಾ ಆಂಟಿ ಸಂಜೆ ಒಂದು ಡಬ್ಬಿ ಚಕ್ಕುಲಿ ತಂದುಕೊಟ್ಟು ಹೋದರು.

ಅಲ್ಲಿಂದ ಮುಂದೆ ಎಳೆ ನೆನೆಹಾಕುವ ಕೆಲಸವನ್ನು ಅತ್ತೆ ವಹಿಸಿಕೊಂಡರು. ನಾನು ಏಳುವ ಹೊತ್ತಿಗೆ ಬಕೆಟ್ಟಿನಲ್ಲಿ ಎಳೆಗಳು ನೆಂದು ಬಾಗಲು ಸಿದ್ಧವಾಗಿರುತ್ತಿದ್ದವು. ಆರನೇ ತಿಂಗಳು ಕಳೆಯಿತು. ಗೌರಿ ಹಬ್ಬ ಹತ್ತಿರವಾಗಿ ರತ್ನಮ್ಮನಿಗೆ ಬಾಗಿನದ ಮೊರ ಹೆಣೆಯುವ ಭರಾಟೆ, ಆದರೂ ಹೋಗುವ ದಾರಿಯಲ್ಲಿ ಬಂದು ನನ್ನ ಬುಟ್ಟಿಯ ಮೇಲೊಂದು ಕಣ್ಣು ಹಾಯಿಸಿ ಬೈದು ಹೋಗುತ್ತಿದ್ದರು. ಒಂದು ಕಡೆ ಕಣ್ಣುಗಳು ಚಿಕ್ಕವು, ಇನ್ನೊಂದು ಕಡೆ ಮೂರು ಬೆರಳು ತೂರುವಷ್ಟು ದೊಡ್ಡವು. ಬುಟ್ಟಿ ಒಂದು ಪಕ್ಕಕ್ಕೆ ವಾಲುತ್ತಿತ್ತು, ನಾನೂ ಹಾಗೇ ನಡೆಯುತ್ತಿದ್ದೆ. ದಸರೆ ಕಳೆದ ಮೇಲೆ ಅಂಚಿಗೆ ಬಾಯಿಕಟ್ಟು ಸುತ್ತಿ ಮುಗಿಸಿದೆವು. ಅದನ್ನು ಯಾರೂ ಹಣ ಕೊಟ್ಟು ಕೊಳ್ಳುವುದಿಲ್ಲ ಎಂದು ರತ್ನಮ್ಮ ತೀರ್ಪು ಕೊಟ್ಟರು.

ದೀಪಾವಳಿ ಮುಗಿದ ವಾರ ಮಗು ಹುಟ್ಟಿತು. ಹೆಣ್ಣು. ತೂಕ ಸ್ವಲ್ಪ ಕಡಿಮೆ, ಗಂಟಲು ಮಾತ್ರ ದೊಡ್ಡದು. ಆ ಕೂಗು ಕೇಳಿ ನಾನು ಎಷ್ಟು ಅತ್ತೆನೆಂದರೆ ನರ್ಸಮ್ಮ ಗದರಿಕೊಂಡರು.

ಆಸ್ಪತ್ರೆಯಿಂದ ಬಂದ ಮಾರನೇ ದಿನ ಅತ್ತೆ ಮಗುವಿಗೆ ಎಣ್ಣೆ ಹಚ್ಚಿ, ನೀರು ಹಾಕಿ, ಸಾಂಬ್ರಾಣಿ ಹೊಗೆ ತೋರಿಸಿದರು. ನಾನು ಮಂಚದ ಮೇಲೆ ತಲೆಗೆ ಬಟ್ಟೆ ಕಟ್ಟಿಕೊಂಡು ಕೂತಿದ್ದೆ. ಅವರು ಒಳಗಿನಿಂದ ನನ್ನ ವಾಲಿದ ಬುಟ್ಟಿಯನ್ನು ತಂದು, ತಳಕ್ಕೆ ತಮ್ಮ ಹಳೆಯ ನೂಲಿನ ಸೀರೆಯನ್ನು ಮಡಿಕೆ ಮಾಡಿ ಹಾಸಿ, ಮಗುವನ್ನು ಅದರಲ್ಲಿ ಮಲಗಿಸಿದರು.

"ಅತ್ತೆ, ಸಿಬಿರು ಚುಚ್ಚುತ್ತೆ," ಎಂದೆ.

"ಇಲ್ಲ. ದಿನಾ ನೆನೆಹಾಕೋವಾಗ ಒಂದೊಂದು ಎಳೆಗೂ ಕೈಯಾಡಿಸಿ ನೋಡಿದೀನಿ." ಬುಟ್ಟಿಯ ಪಕ್ಕದಲ್ಲೇ ನೆಲದ ಮೇಲೆ ಕೂತರು. "ಮಂಜಂಗಿಂತ ಮೊದ್ಲು ಒಂದು ಹುಟ್ಟಿತ್ತು ಕಣಮ್ಮ. ಹೆಣ್ಣು. ಮೂರು ದಿನ ಇತ್ತು."

ಈ ಮನೆಗೆ ಬಂದು ಅಷ್ಟು ವರ್ಷವಾದರೂ ನಾನು ಅದನ್ನು ಕೇಳಿರಲಿಲ್ಲ. ಮಂಜುನಾಥರಿಗೂ ಗೊತ್ತಿರಲಿಲ್ಲ ಎಂದು ಆಮೇಲೆ ತಿಳಿಯಿತು.

"ನಮ್ ಮಾವ ಮಂಕರೀಲಿ ಮಲಗ್ಸಿ, ಮೇಲೊಂದು ಬಟ್ಟೆ ಮುಚ್ಚಿ, ತಲೆ ಮೇಲೆ ಹೊತ್ಕೊಂಡು ಬಾವಿ ಹೊಲದ್ ಕಡೆ ಹೋದ್ರು. ನನ್ನ ಎದ್ದೇಳೋಕೆ ಬಿಡ್ಲಿಲ್ಲ. ಬಾಗ್ಲಿಂದ ನೋಡ್ತಿದ್ದೆ. ಆ ಕಣ್ಣೊಳಗಿಂದ ಅದರದೊಂದು ಕಾಲು ಕಾಣ್ತಿತ್ತು."

ಇಡೀ ಮಳೆಗಾಲ ನಾನು ಇವರ ಕಣ್ಣೆದುರಿಗೇ ಕೂತು ಅದನ್ನು ಹೆಣೆದಿದ್ದೆ.

"ಮತ್ತೆ ಯಾಕತ್ತೆ ಬೇಡ ಅನ್ಲಿಲ್ಲ? ಆವತ್ತು ರತ್ನಮ್ಮ ಹೊರಟಾಗ್ಲಾದ್ರೂ ಹೋಗೋಕೆ ಬಿಡಬಹುದಿತ್ತಲ್ಲ."

ಅತ್ತೆ ಸೆರಗಿನಿಂದ ಮಗುವಿನ ಕಿವಿಯ ಹಿಂದಿನ ನೀರು ಒರೆಸಿದರು.

"ಅದನ್ನ ಹಿಡ್ಕೊಂಡು ಕೂತಾಗ ನೀನು ಅಳ್ತಾ ಇರ್ಲಿಲ್ಲ," ಎಂದರು.

ಮಗು ಹೊದಿಕೆ ಒದ್ದು ಕೈಕಾಲು ಆಡಿಸುತ್ತಿತ್ತು. ಒಂದು ಕಾಲು ಜಾರಿ ನಾನು ದೊಡ್ಡದಾಗಿ ಬಿಟ್ಟಿದ್ದ ಕಣ್ಣೊಂದರಿಂದ ಹೊರಗೆ ಬಂತು, ಸಣ್ಣ ಬೆರಳುಗಳು ಅರಳಿಕೊಂಡವು. ಒಳಗೆ ಸೇರಿಸಲು ನಾನು ಮಂಚದಿಂದ ಬಾಗಿದೆ. ಅತ್ತೆ ಬೇಡವೆಂದು ತಲೆಯಾಡಿಸಿ, ಆ ಕಾಲನ್ನು ಅಂಗೈಯಲ್ಲಿ ಹಿಡಿದುಕೊಂಡರು. ಮಗು ಒದೆಯಿತು. ಅವರು ಬಿಡಲಿಲ್ಲ. ಅದು ಇನ್ನೊಮ್ಮೆ ಒದೆಯಲೆಂದು ಕಾಯುತ್ತಾ ಹಾಗೆಯೇ ಕೂತಿದ್ದರು.